ಎಂಜಿನ್ನಿನ ಕೆಳಸಪ್ಪಳ

ಮಾತು ಆಡಿದರೆ ಹೋಯಿತು, ಬೇರಿಂಗು ಸವೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿಲ್ಲ. ಅವರ ಕಾಲದಲ್ಲಿ ಲಾರಿ ಇರಲಿಲ್ಲ, ಅದು ಅವರ ತಪ್ಪಲ್ಲ. ಕಟ್ಟಿದವನು ಜ್ಯೋತಿಬಾ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಚನಬಸಪ್ಪನ ಗ್ಯಾರೇಜಿದೆ. ಅಲ್ಲಿ ಒಂದು ಗಾದೆಯ ನಟ್ಟು ಬಿಚ್ಚಿ ಇನ್ನೊಂದರ ಬೋಲ್ಟಿಗೆ ಹಾಕುವುದು ಅಲ್ಲೇ ಕೆಲಸಕ್ಕಿದ್ದ ಜ್ಯೋತಿಬಾನ ದಿನದ ಆಟ. ಆದರೆ ಈ ಗಾದೆಯನ್ನು ಅವನು ಯಾರನ್ನೂ ನಗಿಸಲು ಕಟ್ಟಲಿಲ್ಲ, ಬಾಯಿ ಬಿಟ್ಟು ಹೇಳಲೂ ಇಲ್ಲ. ಗುರುಬಸವ್ವನ ಲಾರಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಪಕ್ಕದಲ್ಲೇ ಮಲಗಿದ್ದ ಲಗಮಪ್ಪ ಮಿಸ್ತ್ರಿ ಮೊದಲನೆಯ ಬೇರಿಂಗಿನ ಬೋಲ್ಟಿಗೆ ಪಾನಾ ಹಚ್ಚುವುದನ್ನು ನೋಡುತ್ತ ಒಳಗೊಳಗೇ ಅಂದುಕೊಂಡ. ಇದು ನಡೆದ ಕತೆಯೇ. ಇದರ ಮೊದಲ ಸುಳ್ಳು ಮಾತಲ್ಲ, ಸಪ್ಪಳ.

ಅಂಗಾತ ಮಲಗಿದವನಿಗೆ ಎಂಜಿನ್ನು ಬೇರೆಯೇ ಕಾಣುತ್ತದೆ. ಎಣ್ಣೆಯ ಛೇಂಬರನ್ನು ಇಳಿಸಿದ ಮೇಲೆ ಕ್ರ್ಯಾಂಕು ಎಂಬ ಡೊಂಕು ದಂಡ ತನ್ನ ಗೂನುಗಳನ್ನೆಲ್ಲ ತೋರಿಸಿಕೊಂಡು ಮುಖದ ಮೇಲೆಯೇ ತೂಗುತ್ತಿರುತ್ತದೆ, ಮುಚ್ಚಿಕೊಳ್ಳಲು ಬಟ್ಟೆಯಿಲ್ಲದವರ ಹಾಗೆ. ಒಂದು ಹನಿ ಎಣ್ಣೆ ಜ್ಯೋತಿಬಾನ ಹಣೆಯ ಮೇಲೆ ಬಿದ್ದು ಹುಬ್ಬಿಗೆ ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಕ್ಯಾಮ್‌ಶಾಫ್ಟು ಬೆಳಿಗ್ಗೆಯೇ ಹೊರಬಂದಿತ್ತು. ಅದರ ಕಾಯಿಲೆಯಲ್ಲಿ ಗುಟ್ಟೇನಿರಲಿಲ್ಲ. ವಾಲ್ವುಗಳನ್ನು ಎತ್ತಿ ಇಳಿಸುವ ಅದರ ಮೂಗುಗಳಲ್ಲಿ ಎರಡು ಸವೆದು ಮೊಂಡಾಗಿದ್ದವು, ಮೇಲುಗಡೆ ಟಕಟಕ ಎನ್ನುತ್ತಿದ್ದದ್ದು ಅವೇ. ಹಳೆಯದನ್ನು ಎಳೆದು ಹೊಸದನ್ನು ತೂರಿಸಿದ್ದರೆ ಲಾರಿ ಇಷ್ಟು ಹೊತ್ತಿಗೆ ನೀಲಗಿರಿ ಕಟ್ಟಿಗೆ ಹೇರಲು ಹೊರಟಿರುತ್ತಿತ್ತು. ಅದರ ಬದಲು ಛೇಂಬರು ಇಳಿಸಿ, ಕ್ರ್ಯಾಂಕಿನ ಬೇರಿಂಗುಗಳನ್ನು ಒಂದೊಂದಾಗಿ ಬಿಚ್ಚಿ, ಸವೆದಿವೆಯೇ ಎಂದು ನೋಡುವ ಕೆಲಸ ಬಂದು ಬಿದ್ದದ್ದು ನಿನ್ನೆ ಲಗಮಪ್ಪ ಆಡಿದ ಒಂದು ಮಾತಿನಿಂದ. ಆ ಮಾತು ಹುಟ್ಟಿದ್ದು ಜ್ಯೋತಿಬಾನ ಗಂಟಲಿನಿಂದ. ಇದನ್ನು ಬಲ್ಲವನು ಭೂಮಿಯ ಮೇಲೆ ಒಬ್ಬನೇ, ಅವನೂ ಈಗ ಲಾರಿಯ ಕೆಳಗಿದ್ದ.

ನಿನ್ನೆ ಎಂಜಿನ್ನು ಓಡುತ್ತಿತ್ತು. ಲಗಮಪ್ಪ ತನ್ನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಅರೆ ಮುಚ್ಚಿ ನಿಂತಿದ್ದ. ಮುಂಡಗೋಡದಿಂದ ಜೋಯಿಡಾದವರೆಗೆ ಡ್ರೈವರುಗಳು ಅವನನ್ನು ಕಿವಿ ಮಿಸ್ತ್ರಿ ಎನ್ನುತ್ತಿದ್ದದ್ದು ಈ ಭಂಗಿಗಾಗಿಯೇ. ಆ ಭಂಗಿಯನ್ನು ಕಂಡರೆ ಜ್ಯೋತಿಬಾನಿಗೆ ನಾಲಿಗೆ ತುರಿಸುತ್ತಿತ್ತು. ಬಂಗೂರನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಗ್ಯಾದರಿಂಗಿನ ವೇದಿಕೆಯ ಮೇಲೆ ಎರಡು ಎಂಜಿನ್ನು ಕಟ್ಟಿಕೊಂಡು ಕ್ಯಾಸಲ್‌ರಾಕ್ ಘಟ್ಟ ಹತ್ತುವ ಗೂಡ್ಸ್ ಗಾಡಿಯನ್ನು ಬಾಯಿಯ ಸಪ್ಪಳದಲ್ಲೇ ಹತ್ತಿಸಿದವನು ಅವನು; ಪ್ರಾಧ್ಯಾಪಕರೊಬ್ಬರು ಕಣ್ಣು ಒರೆಸಿಕೊಂಡಿದ್ದರು. ಆ ಗಾಡಿ ಘಟ್ಟ ಹತ್ತಿತು, ಅವನು ಹತ್ತಲಿಲ್ಲ. ಗ್ಯಾರೇಜಿಗೆ ಬಂದ, ಮತ್ತು ಬಂದದ್ದಕ್ಕೆ ತನ್ನನ್ನು ತಾನು ಕ್ಷಮಿಸಿಕೊಳ್ಳಲು ದಿನಕ್ಕೊಬ್ಬರನ್ನು ಮೋಸಗೊಳಿಸಿ ನಗಿಸುತ್ತಿದ್ದ. ನಿನ್ನೆ ಹಿಂದಿನ ಗಾಲಿಯ ಮರೆಯಲ್ಲಿ ಕುಳಿತು, ಹೊಟ್ಟೆಯಿಂದ ಉಸಿರು ಎತ್ತಿ, ಗಂಟಲನ್ನು ಬಿಗಿ ಹಿಡಿದು, ಎಂಜಿನ್ನಿನ ಲಯಕ್ಕೆ ಸರಿಯಾಗಿ ಅವನು ಕೆಳಸಪ್ಪಳ ಹೊರಡಿಸಿದ. ಬೇರಿಂಗು ಸವೆದಾಗ ಎಂಜಿನ್ನಿನ ತಳದಿಂದ ಬರುವ ಸಪ್ಪಳ ಅದು. ಧಡ್, ಧಡ್, ಧಡ್. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಬಡಿದ ಹಾಗೆ.

ಲಾರಿಯ ಒಡತಿ ಗುರುಬಸವ್ವ ಹಳೆಯ ಟಾಯರಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ತಟ್ಟನೆ ಎದೆಯ ಮೇಲೆ ಕೈಯಿಟ್ಟು ತಲೆಯೆತ್ತಿದಳು. ಲಗಮಪ್ಪ ಅವಳ ಕಡೆ ನೋಡಿದ. ಹಿಡಿಕೆಯನ್ನು ಕಿವಿಯಿಂದ ನಿಧಾನ ತೆಗೆದು ಅಂದ:

"ಬೇರಿಂಗ ಹೋಗ್ಯಾವ. ಕ್ಯಾಮ್ ಹಾಕೂ ಮುಂದ ಛೇಂಬರ ಇಳಿಸಿ ನೋಡಬೇಕು."

ಎಂದಿನಂತೆ ಜ್ಯೋತಿಬಾ ಆಗ ಗಾಲಿಯ ಮರೆಯಿಂದ ಎದ್ದು, ಗಂಟಲು ತೋರಿಸಿ, ಕಾಕಾ, ಹೋದ ಬೇರಿಂಗ ಇಲ್ಲೈತಿ ನೋಡ್ರಿ ಅನ್ನಬೇಕಿತ್ತು. ಬೈಗುಳ ತಿಂದು, ಎಲ್ಲರೂ ನಕ್ಕು, ಚಹಾ ಕುಡಿಯಬೇಕಿತ್ತು. ಅಷ್ಟರಲ್ಲಿ ಕೌಂಟರಿನಿಂದ ಚನಬಸಪ್ಪ ಎದ್ದು ಬಂದ.

"ಬೇರಿಂಗ ಅಂದ್ಯಾ ಲಗಮಣ್ಣ? ನನಗ ಮ್ಯಾಲಿಂದಷ್ಟ ಕೇಳ್ತು. ಮುಂಡಗೋಡದ ಗಾಡಿದೂ ಹಿಂಗ ಅಂದಿದ್ದಿ. ಇಡೀ ಎಂಜಿನ್ ಬಿಚ್ಚಿದ್ವಿ, ಒಳಗ ಏನಿತ್ತು? ಏನೂ ಇರಲಿಲ್ಲ. ಮಂದಿ ನನ್ನ ಕೇಳ್ತಾರಪಾ, ನಿನ್ನಲ್ಲ. ಬಿಚ್ಚು, ಬ್ಯಾಡ ಅನ್ನೂದಿಲ್ಲ. ಆದರ ಇವೂ ಚೊಲೋ ಇದ್ದೂ ಅಂದರ ನಾಳಿಂದ ನೀ ಮನ್ಯಾಗ ಆರಾಮ ಇರು."

ಆರಾಮ ಎಂಬ ಮಾತನ್ನು ಚನಬಸಪ್ಪ ಪ್ರೀತಿಯಿಂದಲೇ ಹೇಳಿದ, ಹಾಗಾಗಿ ಅದಕ್ಕೆ ಮದ್ದಿರಲಿಲ್ಲ. ಏಳಬೇಕೆಂದಿದ್ದ ಜ್ಯೋತಿಬಾನ ಮೊಣಕಾಲು ಅಲ್ಲೇ ನಿಂತಿತು. ಈಗ ಹೇಳಿದರೆ ಮಿಸ್ತ್ರಿ ಒಬ್ಬ ಮನುಷ್ಯನ ಬಾಯಿಯನ್ನು ಎಂಜಿನ್ನು ಎಂದುಕೊಂಡ ಎಂದಾಗುತ್ತದೆ. ಹೇಳದಿದ್ದರೆ ನಾಳೆ ಬೇರಿಂಗುಗಳೇ ಹೇಳುತ್ತವೆ. ಹೀಗೆ ಲೆಕ್ಕ ಹಾಕುತ್ತ ಅವನು ಗಾಲಿಯ ಮರೆಯಲ್ಲೇ ಕುಳಿತಿದ್ದ. ಮಿಲ್ಲಿನ ಭೋಂಗಾ ಕೂಗಿತು. ಎಲ್ಲರೂ ಮನೆಗೆ ಹೊರಡಲು ಎದ್ದರು. ಲಗಮಪ್ಪ ಎಲ್ಲರಿಗಿಂತ ಕೊನೆಗೆ ಎದ್ದ.

ಕೊನೆಗೆ ಏಕೆ ಎದ್ದ ಎನ್ನುವುದು ಇವತ್ತು ಬೆಳಿಗ್ಗೆಯವರೆಗೆ ಜ್ಯೋತಿಬಾನಿಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಲಗಮಪ್ಪ ಬೆನ್ನು ತಿರುಗಿಸಿ ಕುಳಿತು ಪಾನಾಗಳನ್ನು ಡೀಸೆಲಿನಲ್ಲಿ ತೊಳೆಯುತ್ತಿದ್ದ. ಕ್ಷಮೆ ಕೇಳಲು ಹೋದ ಜ್ಯೋತಿಬಾನಿಗೆ ಸ್ವಂತ ದನಿಯಲ್ಲಿ ಮಾತು ಶುರು ಮಾಡುವುದು ಹೇಗೆಂದು ತಿಳಿಯದೆ, ಹಳೆಯ ಚಾಳಿಯಿಂದ ಚನಬಸಪ್ಪನ ದನಿ ತೆಗೆದು ಲಗಮಣ್ಣಾ ಎಂದ. ಮುದುಕ ತಿರುಗಲಿಲ್ಲ. ಸಿಟ್ಟಿರಬೇಕು ಅಂದುಕೊಂಡು ಮುದುಕನ ಹೆಂಡತಿ ಗೋದುಬಾಯಿಯ ದನಿ ತೆಗೆದ. ಏನ್ರೀ, ಬುತ್ತಿ ಮರ್ತ ಬಂದೀರಲ್ರೀ. ಆ ದನಿಗೆ ಲಗಮಪ್ಪ ಹಿಂದೆಲ್ಲ ಪ್ರತಿ ಸಲ ಮೋಸ ಹೋಗಿ, ಎದ್ದು ನಿಂತು, ನಿನ್ನ ಬಾಯಾಗ ಮಣ್ಣ ಹಾಕ ಎನ್ನುತ್ತಿದ್ದ. ಈಗ ಡೀಸೆಲಿನಲ್ಲಿ ಕೈ ಆಡಿಸುತ್ತಲೇ ಇದ್ದ. ಜ್ಯೋತಿಬಾ ಇನ್ನೂ ಹತ್ತಿರ ಹೋಗಿ, ಹಿಂದೆಯೇ ನಿಂತು, ಇನ್ನೊಮ್ಮೆ ಏನ್ರೀ ಎಂದ. ಆ ಬೆನ್ನು ಬೆನ್ನಾಗಿಯೇ ಉಳಿಯಿತು. ತನ್ನ ಬಾಯಿಂದ ಹೊರಟ ಗೋದುಬಾಯಿಯ ದನಿ ತನಗೇ ಕೇಳಿ ಜ್ಯೋತಿಬಾ ಒಂದು ಹೆಜ್ಜೆ ಹಿಂದೆ ಸರಿದ, ಯಾರದೋ ಮನೆಯೊಳಗೆ ಕೇಳದೆ ನುಗ್ಗಿ ಬಂದವನ ಹಾಗೆ. ಗೋದುಬಾಯಿ ನಿಜವಾಗಿಯೂ ಬುತ್ತಿ ತಂದಾಗ ಗಂಡನನ್ನು ಕೂಗುವುದನ್ನು ಬಿಟ್ಟು ಬಹಳ ಕಾಲವಾಗಿದೆ; ಎರಡು ಬೆರಳಿನಿಂದ ಭುಜ ಮುಟ್ಟುತ್ತಾಳೆ. ಅವಳಿಗೆ ಗೊತ್ತು. ಅಂದರೆ ನಿನ್ನೆಯ ಭೋಂಗಾದ ಹಾಗೆ ನಿನ್ನೆಯ ಸಪ್ಪಳವೂ ಲಗಮಪ್ಪನಿಗೆ ಕೇಳಿಯೇ ಇಲ್ಲ. ಹಾಗಿದ್ದರೆ ಬೇರಿಂಗ ಎಂದದ್ದು ಹೇಗೆ? ಇಷ್ಟು ಯೋಚಿಸುವ ಹೊತ್ತಿಗೆ ನಿಜ ಹೇಳುವುದು ನಿನ್ನೆಗಿಂತ ಕಷ್ಟವಾಗಿತ್ತು. ನಿನ್ನೆ ಹೇಳಿದ್ದರೆ ಮುದುಕನ ಒಂದು ಮಾತು ಸುಳ್ಳಾಗುತ್ತಿತ್ತು. ಇವತ್ತು ಹೇಳಿದರೆ ಅವನ ಕಿವಿಯೇ ಸುಳ್ಳಾಗುತ್ತದೆ.

"ಲ್ಯಾಂಪ ಈ ಕಡೆ ಹಿಡಿ," ಎಂದ ಲಗಮಪ್ಪ. ಜ್ಯೋತಿಬಾ ಲ್ಯಾಂಪನ್ನು ಬೋಲ್ಟಿನ ಕಡೆ ಹಿಡಿದ.

"ಅಲ್ಲಲ್ಲೋ, ಈ ಕಡೆ. ನಿನ್ನ ಕಡೆ."

ಲಾರಿಯ ಕೆಳಗೆ ಮಲಗಿದಾಗೆಲ್ಲ ಮುದುಕ ಬೆಳಕನ್ನು ಎಂಜಿನ್ನಿಗಿಂತ ತನ್ನ ಜೊತೆಗಾರನ ಮುಖಕ್ಕೇ ಹಿಡಿಸುತ್ತಾನೆ, ಕಣ್ಣು ಕುಕ್ಕುತ್ತದೆ ಎಂದು ಜ್ಯೋತಿಬಾ ಎಷ್ಟೋ ಸಲ ಗೊಣಗಿದ್ದ. ಕೈಗೆ ಬೆಳಕು ಬೇಡವಾಗಿತ್ತು, ಬೋಲ್ಟು ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ಬೆಳಕು ಬೇಕಾದದ್ದು ತುಟಿಗಳನ್ನು ನೋಡಲು. ಈಗ ಜ್ಯೋತಿಬಾ ಲ್ಯಾಂಪನ್ನು ತನ್ನ ಗದ್ದದ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ಮಲಗಿದ್ದ.

ಮೊದಲನೆಯ ಬೇರಿಂಗು ಇಳಿಯಿತು. ಬೇರಿಂಗು ಎಂದರೆ ದೊಡ್ಡ ವಸ್ತುವೇನಲ್ಲ, ಬಳೆಯನ್ನು ಎರಡು ಹೋಳು ಮಾಡಿದಂತೆ ಒಂದು ಜೊತೆ. ಒಳಮೈ ಚೆನ್ನಾಗಿದ್ದರೆ ಬೂದಿಯ ಬಣ್ಣ, ಸವೆದಿದ್ದರೆ ಬೂದಿ ಹೋಗಿ ತಾಮ್ರ ಮುಖ ತೋರಿಸುತ್ತದೆ. ಲಗಮಪ್ಪ ಬಟ್ಟೆಯಿಂದ ಎಣ್ಣೆ ಒರೆಸಿ, ಒಳಮೈಯ ಮೇಲೆ ಉಗುರು ಎಳೆದ. ಉಗುರು ಎಲ್ಲಿಯೂ ತಡೆಯಲಿಲ್ಲ. ಬೂದಿ ಬೂದಿಯಾಗಿಯೇ ಇತ್ತು. ಅವನು ಅದನ್ನು ಜ್ಯೋತಿಬಾನಿಗೆ ಕೊಟ್ಟ, ಜ್ಯೋತಿಬಾ ಲಾರಿಯ ಹೊರಗೆ ಚಾಚಿದ, ಹೊರಗೆ ಕುಕ್ಕರಗಾಲಲ್ಲಿ ಕುಳಿತಿದ್ದ ಚನಬಸಪ್ಪ ಇಸಿದುಕೊಂಡು ಹಳೆಯ ಪೇಪರಿನ ಮೇಲೆ ಇಟ್ಟ.

"ಚೊಲೋ ಐತೇನ್ರಿ?" ಗುರುಬಸವ್ವನ ದನಿ.

"ಹೊಸಾ ಹೆಣ್ಣಿನ ಕೈಯಾಗಿನ ಬಳಿ ಇದ್ದಂಗ ಐತಿ," ಎಂದ ಚನಬಸಪ್ಪ.

"ಮತ್ತ ಇನ್ನೂ ಯಾಕ ಬಿಚ್ಚೂದು? ಮುಚ್ಚಿ ಕೊಡ್ರಿ ನಂದು. ಒಂದ ಟ್ರಿಪ್ ಹೋತು ನಂದು."

"ಇರ್ರಿ ಅಕ್ಕಾರ. ಎಲ್ಲಾ ನೋಡೂಣು."

ಆ ಎಲ್ಲಾ ಎಂಬುದರಲ್ಲಿ ಚನಬಸಪ್ಪನ ಅವಸರವಿಲ್ಲದ ನ್ಯಾಯವಿತ್ತು. ಎರಡನೆಯದು ಇಳಿಯಿತು, ಬೂದಿ. ಮೂರನೆಯದು, ಬೂದಿ. ಒಳ್ಳೆಯ ಬೇರಿಂಗು ಕಂಡು ಎದೆ ಕುಸಿಯುವುದು ಜ್ಯೋತಿಬಾನಿಗೆ ಹೊಸದು. ಅವನು ದೇವರನ್ನು ನಂಬುವವನಲ್ಲ, ಆದರೆ ಪ್ರತಿ ಬೋಲ್ಟು ಸಡಿಲಾಗುವಾಗಲೂ ತಾಮ್ರ ಕಾಣಲಿ, ಒಂದೇ ಒಂದರಲ್ಲಿ ಕಾಣಲಿ ಎಂದು ಬೇಡಿಕೊಳ್ಳುತ್ತಿದ್ದ. ಒಬ್ಬ ಹೆಂಗಸಿನ ಲಾರಿ ಹಾಳಾಗಿರಲಿ ಎಂಬ ಪ್ರಾರ್ಥನೆ. ಗಂಡ ಹೋದ ಮೇಲೆ ಲಾರಿ ಮಾರಲು ಹೇಳಿದ ಮೈದುನಂದಿರನ್ನು ಹಳಿಯಾಳದ ಸಂತೆಯಲ್ಲಿ ನಿಲ್ಲಿಸಿ ಬೈದು ಓಡಿಸಿದ ಹೆಂಗಸು ಅವಳು. ಅವಳ ಬೈಗುಳವನ್ನೂ ಅವನು ಎಷ್ಟೋ ಸಲ ಅಣಕಿಸಿ ತೋರಿಸಿದ್ದ. ಈಗ ಅವಳ ಸಂತೋಷದ ಪ್ರತಿ ಮಾತು ಮುದುಕನನ್ನು ಒಂದೊಂದು ಹೆಜ್ಜೆ ಮನೆಯ ಕಡೆ ದೂಡುತ್ತಿತ್ತು. ಲಗಮಪ್ಪನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಒರೆಸುತ್ತಿದ್ದ, ಉಗುರು ಎಳೆಯುತ್ತಿದ್ದ, ಕೊಡುತ್ತಿದ್ದ. ಒಂದು ಸಲ ಮಾತ್ರ, ನಾಲ್ಕನೆಯದಕ್ಕೆ, ಉಗುರನ್ನು ಎರಡು ಬಾರಿ ಎಳೆದ. ಉಗುರು ಸುಳ್ಳು ಹೇಳುತ್ತಿರಬಹುದೇ ಎಂಬ ಹಾಗೆ.

ಐದನೆಯದನ್ನು ಜ್ಯೋತಿಬಾ ತಾನೇ ಇಳಿಸಿದ. ನಿಮ್ಮ ಕೈ ಸೋತಿರಬೇಕು ಕಾಕಾ, ಕೊಡ್ರಿ ಎಂದು ತುಟಿಗಳನ್ನು ಅಗಲಿಸಿ ಅಗಲಿಸಿ ಹೇಳಿದ. ಹಾಗೇಕೆ ಹೇಳಿದನೆಂದು ಮುದುಕನಿಗೆ ತಿಳಿಯಿತೇನೋ. ಅವನು ಕಣ್ಣು ಬೇರೆ ಕಡೆ ತಿರುಗಿಸಿ ಪಾನಾ ಕೊಟ್ಟ. ಹೋಳು ಅಂಗೈಗೆ ಬಂದಿತು, ತಣ್ಣಗೆ, ಎಣ್ಣೆಯಲ್ಲಿ ಜಾರುತ್ತ. ಬೂದಿ. ಜ್ಯೋತಿಬಾನ ಜೇಬಿನಲ್ಲಿ ಹಳೆಯ ಪ್ಯಾಕಿಂಗು ಕೆರೆಯುವ ಸಣ್ಣ ಉಳಿಯಿತ್ತು. ಅದು ಕೈಗೆ ಬಂದದ್ದು ಯಾವಾಗ ಎಂದು ಕೇಳಿದರೆ ಅವನು ಹೇಳಲಾರ. ಬೇರಿಂಗಿನ ಒಳಮೈ ಬಹಳ ಮೆತ್ತಗೆ. ಲೋಹ ಎಂದು ನಂಬಲಾಗದಷ್ಟು ಮೆತ್ತಗೆ. ತುದಿ ತಾಗಿಸಿ ಎಳೆದದ್ದೇ ತಡ, ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಬಿದ್ದಿತು, ಅದರ ತಳದಲ್ಲಿ ತಾಮ್ರ ಕೆಂಪಗೆ ಇಣುಕಿತು. ಎಷ್ಟು ಸಲೀಸು, ಅಂದುಕೊಂಡ ಅವನು. ಒಂದು ಎಂಜಿನ್ನನ್ನು ಕೊಲ್ಲುವುದು, ಒಬ್ಬ ಮನುಷ್ಯನನ್ನು ಉಳಿಸುವುದು, ಎರಡಕ್ಕೂ ಸಾಕಾಗುವ ಒಂದು ಗೆರೆ. ಎರಡನೆಯ ಗೆರೆ ಎಳೆಯಲು ತುದಿ ಇಟ್ಟಾಗ ಲಗಮಪ್ಪನ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

ಮುದುಕ ಹೋಳನ್ನು ಇಸಿದುಕೊಂಡ. ಒರೆಸಿದ. ಉಗುರು ಎಳೆದ. ಉಗುರು ಟಕ್ಕೆಂದು ನಿಂತಿತು. ಕೆಂಪಗೆ ಹೊಳೆಯುವ ಹೊಸ ಗೆರೆಯನ್ನೂ, ಅದರ ಅಂಚಿಗೆ ಅಂಟಿದ ಕೂದಲೆಳೆಯಷ್ಟು ಚೂರನ್ನೂ ನೋಡಿದ. ಆಮೇಲೆ ಜ್ಯೋತಿಬಾನ ಮುಖ ನೋಡಿದ. ಗದ್ದದ ಕೆಳಗಿನ ಬೆಳಕಿನಲ್ಲಿ ಆ ಮುಖ ಹೇಗೆ ಕಾಣುತ್ತಿತ್ತೋ.

"ಯಾಕೋ?" ಎಂದ.

ಜ್ಯೋತಿಬಾ ಬಾಯಿ ತೆರೆದ. ಒಳಗೆ ಚನಬಸಪ್ಪನ ದನಿಯಿತ್ತು, ಗುರುಬಸವ್ವನದಿತ್ತು, ಗೂಡ್ಸ್ ಗಾಡಿಯಿತ್ತು, ಅಂಬಿಕಾನಗರದ ಸಾಹೇಬನೊಬ್ಬನ ಕೆಮ್ಮೂ ಇತ್ತು, ತನ್ನದು ಸಿಗಲಿಲ್ಲ. ತುಟಿ ಮಾತ್ರ ಅಲುಗಿದವು. ಕಾಕಾ, ನಿನ್ನಿ ನಾನ, ಎನ್ನುವಷ್ಟರಲ್ಲಿ ಲಗಮಪ್ಪ ಲ್ಯಾಂಪನ್ನು ಅವನ ಕೈಯಿಂದ ತೆಗೆದು ಅತ್ತ ಕಡೆ, ಗಾಲಿಯ ಕಡೆ ತಿರುಗಿಸಿಟ್ಟ. ಜ್ಯೋತಿಬಾನ ಮುಖ ಕತ್ತಲಾಯಿತು. ಮುದುಕ ಕೇಳಲು ಒಲ್ಲೆನೆಂದದ್ದು ಹೀಗೆ. ಕೊನೆಯದಾದ ಆರನೆಯದನ್ನು ಅವನು ಬೆಳಕಿಲ್ಲದೆ ಬಿಚ್ಚಿದ, ಉಗುರಿನಿಂದಲೇ ನೋಡಿ ಮುಗಿಸಿದ, ಗೆರೆ ಬಿದ್ದ ಹೋಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮೊಣಕೈ ಊರಿ ಲಾರಿಯ ಕೆಳಗಿನಿಂದ ಹೊರಗೆ ಸರಿದ.

ಜ್ಯೋತಿಬಾ ಹಿಂದೆಯೇ ಹೊರಬಂದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಲಗಮಪ್ಪ ಆಗಲೇ ಚನಬಸಪ್ಪನ ಎದುರು ನಿಂತು ಮಾತಾಡುತ್ತಿದ್ದ, ಬೇಕಾದದ್ದಕ್ಕಿಂತ ಜೋರಾಗಿ.

"ಎಲ್ಲಾ ಚೊಲೋ ಅದಾವ ಸಾವ್ಕಾರ್ರ. ನಂದ ತಪ್ಪಾತು. ಇದೊಂದ ಜೋಡಿ ಹೊಸಾದು ಹಾಕಬೇಕು. ಬಿಚ್ಚೂ ಮುಂದ ನನ್ನ ಕೈ ಜಾರಿ ಗೆರಿ ಬಿತ್ತು." ಜೇಬಿನಿಂದ ಹೋಳು ತೆಗೆದು ಪೇಪರಿನ ಮೇಲೆ ಉಳಿದವುಗಳ ಪಕ್ಕ ಇಟ್ಟ, ಗೆರೆ ಮೇಲಾಗಿ.

"ನಿನ್ನ ಕೈ?" ಎಂದ ಚನಬಸಪ್ಪ. "ನಿನ್ನ ಕೈ ಎಂದ ಜಾರೇತಿ ಲಗಮಣ್ಣ?" ಚನಬಸಪ್ಪ ಎದ್ದು ನಿಂತು ಮೊಣಕಾಲಿನ ಧೂಳು ಝಾಡಿಸಿಕೊಂಡ. ಅವನಿಗೂ ಸಂತೋಷವಾಗಿರಲಿಲ್ಲ, ಸಂತೋಷವಾಗುತ್ತದೆ ಎಂದುಕೊಂಡಿದ್ದು ಆಗದೆ ಹೋದ ಪೆಚ್ಚುತನವಿತ್ತು. "ನೋಡಪಾ, ನಿನ್ನಿ ನಾ ಏನ ಹೇಳಿದ್ದೆ ಅಂದರ," ಎಂದು ಅವನು ಶುರು ಮಾಡಿದ.

ಜ್ಯೋತಿಬಾ ತೀರ್ಮಾನವೇನನ್ನೂ ಮಾಡಲಿಲ್ಲ. ಗಂಟಲು ತಾನಾಗಿ ಬಿಗಿಯಿತು.

ಧಡ್, ಧಡ್, ಧಡ್.

ಗುರುಬಸವ್ವನ ಕೈ ಎದೆಯ ಮೇಲೆ ಹೋಯಿತು. "ಯವ್ವಾ, ಮತ್ತ ಬಡಿಯಾಕತ್ತು ನೋಡ್ರಿ," ಎಂದವಳು ಲಾರಿಯ ಕಡೆ ನೋಡಿದಳು. ಕ್ಯಾಮಿಲ್ಲದ, ಛೇಂಬರಿಲ್ಲದ, ಬೇರಿಂಗುಗಳನ್ನು ಕಳಚಿ ಪೇಪರಿನ ಮೇಲೆ ಸಾಲಾಗಿ ಮಲಗಿಸಿದ್ದ ಎಂಜಿನ್ನು ಸತ್ತು ಸುಮ್ಮನೆ ತೂಗುತ್ತಿತ್ತು. ಆದರೂ ಸಪ್ಪಳ ಧಡ್, ಧಡ್ ಎಂದು ಬಡಿಯುತ್ತಲೇ ಇತ್ತು. ಅವಳ ಕಣ್ಣು ಎಂಜಿನ್ನಿನಿಂದ ಜ್ಯೋತಿಬಾನ ಉಬ್ಬಿದ ಕುತ್ತಿಗೆಗೆ ಬಂದು ನಿಂತಿತು.

"ಎಲಾ ಇವನ," ಎಂದಳು. "ನಿನ್ನಿದೂ ನೀನ ಏನೋ?"

"ನಾನ ಅಕ್ಕಾರ. ಗೆರಿನೂ ನಂದ."

"ನಿನ್ನ ಗಂಟಲಿಗೆ ಬೇರಿಂಗ ಹಾಕ್ಸು ಮೊದಲ. ನನ್ನ ಒಂದ ಟ್ರಿಪ್ ನುಂಗಿ ಕುಂತೈತಿ ಅದು." ಬೈಯುತ್ತಲೇ ಅವಳಿಗೆ ನಗು ಬಂತು, ಎಲೆ ಅಡಿಕೆಯ ಬಾಯಿಗೆ ಸೆರಗು ಒತ್ತಿಕೊಂಡಳು. ಚನಬಸಪ್ಪ ಮುಖ ಗಂಟಿಕ್ಕಲು ನೋಡಿದ, ಆಗಲಿಲ್ಲ, ಮೂಗಿನಿಂದ ನಗು ಸೋರಿತು.

ಲಗಮಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ, ಕೈಬರಹದ ಚೀಟಿಯೊಂದನ್ನು ಕಷ್ಟಪಟ್ಟು ಓದುವವನ ಹಾಗೆ. ಜ್ಯೋತಿಬಾನ ಕುತ್ತಿಗೆ ನೋಡಿದ. ಗುರುಬಸವ್ವನ ಎದೆಯ ಮೇಲೆ ಇನ್ನೂ ಉಳಿದಿದ್ದ ಎಡಗೈ ನೋಡಿದ.

"ಅದ ಏನು, ನಿನ್ನಿನ ಸಪ್ಪಳ?" ಎಂದು ಅವಳನ್ನೇ ಕೇಳಿದ.

"ಹೂಂ ಯಣ್ಣಾ, ಅದ. ಯಾಕ, ನಿನಗ ಕೇಳಲಿಲ್ಲೇನು?"

"ಇಲ್ಲ ತಂಗಿ. ನಿನ್ನಿನೂ ಇಲ್ಲ, ಈಗೂ ಇಲ್ಲ." ಇಷ್ಟು ಹೇಳಿ ಅವನು ಹಗುರಾದಂತೆ ಕಂಡ. "ಕಿವಿ ಹೋಗಿ ಬಾಳ ದಿನಾ ಆತು. ಸ್ಕ್ರೂಡ್ರೈವರ ಹಿಡಿದ ಕೈಗೆ ಒಂದೀಟ ತಿಳೀತೈತಿ, ಉಳಿದದ್ದು ಮಂದಿ ಮಾರ್ಯಾಗ ಇರತೈತಿ. ಮ್ಯಾಲ ಟ್ಯಾಪೆಟ್ ಬಡದರ ಹುಬ್ಬ ಗಂಟ ಹಾಕ್ತಾರ. ಬೇರಿಂಗ ಬಡದರ ಎದಿ ಮ್ಯಾಲ ಕೈ ಇಡ್ತಾರ. ನಿನ್ನಿ ನನ್ನ ಕೈಗೆ ಏನೂ ಬಡೀಲಿಲ್ಲ. ಆದರ ನೀ ಎದಿ ಮ್ಯಾಲ ಕೈ ಇಟ್ಟಿ. ಕೈ ಬಿಟ್ಟು ನಿನ್ನ ಮಾರಿ ನಂಬಿದೆ."

ಅವನು ಜ್ಯೋತಿಬಾನ ಕಡೆ ತಿರುಗಿದ. ಬೈಯುತ್ತಾನೆ ಎಂದು ಜ್ಯೋತಿಬಾ ಕಾದ, ಬೈಯಲಿ ಎಂದು ಬಯಸಿದ.

"ಅಲ್ಲೋ ಜ್ಯೋತಿಬಾ," ಎಂದ ಮುದುಕ, "ದಾಂಡೇಲಿಗೆಲ್ಲ ಕೇಳ್ಸೋ ಬಾಯಿ ನಿಂದು. ಹುಡಿಕ್ಯಾಡಿ ಹುಡಿಕ್ಯಾಡಿ ಕಿವುಡನ ಮುಂದ ಹೋಗಿ ಬಡದ್ಯಲ್ಲೋ."

ಮತ್ತು ನಕ್ಕ. ಮೊದಲು ಭುಜ ಕುಲುಕಿದವು, ಆಮೇಲೆ ಹೊಟ್ಟೆ, ಆಮೇಲೆ ಎಣ್ಣೆಯ ಕೈಗಳನ್ನು ತೊಡೆಗೆ ಊರಿ, ಕಣ್ಣು ಮುಚ್ಚಿ, ಬಾಯಿ ತುಂಬ ನಕ್ಕ. ಗುರುಬಸವ್ವ ಅವನ ಜೊತೆ ನಕ್ಕಳು, ಚನಬಸಪ್ಪನೂ ನಕ್ಕ, ಜ್ಯೋತಿಬಾನೂ ಎಲ್ಲಿಂದಲೋ ಒಂದಿಷ್ಟು ನಗು ತಂದು ಕೂಡಿಸಿದ. ಅಷ್ಟು ಜನರ ನಗುವೂ ಮುದುಕನ ನಗುವಿನಲ್ಲಿ ಮುಳುಗಿತು. ತನ್ನ ನಗು ಎಷ್ಟು ದೊಡ್ಡದೆಂದು ತಿಳಿಯದವನು ಮಾತ್ರ ಹಾಗೆ ನಗಬಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಚನಬಸಪ್ಪನ ನಗು ನಿಂತಿತು. ಗುರುಬಸವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡಿದಳು.

"ಲಗಮಣ್ಣ," ಎಂದ ಚನಬಸಪ್ಪ, ಗಂಟಲು ಸರಿ ಮಾಡಿಕೊಂಡು, ಬಹಳ ಮೆಲ್ಲಗೆ. "ನಾಳಿ ಬಾ. ಕೈ ಕೆಲಸ ಮಾಡು. ಕೇಳೂ ಕೆಲಸ ಜ್ಯೋತಿಬಾ ಮಾಡ್ಲಿ."

ಮುದುಕ ಕಣ್ಣು ತೆರೆದಿರಲಿಲ್ಲ. ಆ ಮಾತು ಅವನವರೆಗೆ ಹೋಗಲಿಲ್ಲ, ಉಳಿದವರ ನಗು ಎಂದೋ ನಿಂತದ್ದೂ ಹೋಗಲಿಲ್ಲ. ಜ್ಯೋತಿಬಾ ಹತ್ತಿರ ಹೋಗಿ, ಭುಜ ಮುಟ್ಟಬೇಕೆಂದು ಎರಡು ಬೆರಳು ಎತ್ತಿ, ಮುಟ್ಟದೆ, ಆ ಕಣ್ಣು ತಾವಾಗಿ ತೆರೆಯಲಿ ಎಂದು ತುಟಿ ಕಾಣುವಂತೆ ಎದುರಿಗೆ ಬಿಸಿಲಿಗೆ ಮುಖ ಒಡ್ಡಿ ನಿಂತ. ಲಗಮಪ್ಪ ನಗುತ್ತಲೇ ಇದ್ದ, ಎಲ್ಲರಿಗಿಂತ ಜೋರಾಗಿ, ಒಬ್ಬನೇ.